ಹೊಸ ಖನಿಜ ಅನ್ನಲು ಸಾಕ್ಷಿ ಏನು?



1874ರಲ್ಲಿ ಗೋಕಾಕದ ಹೆಸರು ಜಗತ್ತಿನ ವಿಜ್ಞಾನಿಗಳ ಮೇಜಿನ ಮೇಲೆ ಬಂತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಹೊರಡಿಸುತ್ತಿದ್ದ ‘ಪೇಲಿಯಂಟಾಲಜಿಯಾ ಇಂಡಿಕಾ’ ಎಂಬ ಗ್ರಂಥಮಾಲೆಯಲ್ಲಿ ಆ ವರ್ಷ ಒಂದು ಲೇಖನ ಅಚ್ಚಾಯಿತು. ಬರೆದವರು ರಾಬರ್ಟ್ ಬ್ರೂಸ್ ಫೂಟ್. ಗೋಕಾಕದ ಹತ್ತಿರ, ಅವರು ‘ಚಿಕ್‌ದೌಲಿ’ ಎಂದು ಬರೆದುಕೊಂಡ ಊರಿನ ಬಳಿಯ ಮೆಕ್ಕಲು ಮಣ್ಣಿನಲ್ಲಿ, ಒಂದು ಘೇಂಡಾಮೃಗದ ಹಲ್ಲುಗಳೂ ಎಲುಬಿನ ತುಂಡುಗಳೂ ಸಿಕ್ಕಿದ್ದವು. ಕಬ್ಬು, ಗೋವಿನಜೋಳ ಬೆಳೆಯುವ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಮೇಯುತ್ತಿತ್ತು ಎಂಬುದೇ ದೊಡ್ಡ ಸುದ್ದಿ. ಫೂಟ್ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಇದು ಈವರೆಗೆ ಗೊತ್ತಿಲ್ಲದ ಪ್ರಭೇದ ಎಂದು ವಾದಿಸಿ, ‘ರೈನೋಸೆರಾಸ್ ಡೆಕ್ಕನೆನ್ಸಿಸ್’ ಎಂಬ ಹೆಸರಿಟ್ಟರು.

ಹಾಗೆ ಹೇಳುವುದಕ್ಕೆ ಹೊಳೆದಂಡೆಯಲ್ಲಿ ಎಲುಬು ಕಂಡರೆ ಸಾಲದು. ಅದುವರೆಗೆ ಹೆಸರಿಟ್ಟ ಘೇಂಡಾಮೃಗಗಳ ಹಲ್ಲುಗಳನ್ನೆಲ್ಲ ಒಂದೊಂದಾಗಿ ಹೋಲಿಸಬೇಕು. ಎಲ್ಲಿ ಸಿಕ್ಕಿತು, ಯಾವ ಪದರಿನಲ್ಲಿ ಸಿಕ್ಕಿತು ಎಂದು ಬರೆಯಬೇಕು. ಚಿತ್ರ ಬರೆಸಬೇಕು. ನಾಳೆ ಇನ್ನೊಬ್ಬರು ಬಂದು ಪರೀಕ್ಷೆ ಮಾಡುತ್ತೇನೆ ಎಂದರೆ ತೋರಿಸಲು ಆ ತುಂಡುಗಳನ್ನು ಜೋಪಾನವಾಗಿ ಇಡಬೇಕು.

ಪ್ರಾಣಿಗಳಲ್ಲಿ, ಗಿಡಗಳಲ್ಲಿ ಪ್ರಭೇದಗಳಿರುವ ಹಾಗೆಯೇ ಕಲ್ಲಿನ ಲೋಕದಲ್ಲಿಯೂ ಇವೆ. ಅವುಗಳಿಗೆ ಖನಿಜ ಪ್ರಭೇದ ಎನ್ನುತ್ತಾರೆ. ಇಂದು ಜಗತ್ತಿನ ಅಧಿಕೃತ ಪಟ್ಟಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಖನಿಜಗಳಿವೆ. ಪ್ರತಿವರ್ಷ ಸುಮಾರು ನೂರು ಹೊಸ ಹೆಸರು ಸೇರುತ್ತವೆ. ಆ ಪಟ್ಟಿಯಲ್ಲಿ ಕರ್ನಾಟಕದ ನೆಲದಿಂದ ಬಂದ ಎರಡು ಹೆಸರುಗಳಿವೆ: ಕೋಲಾರೈಟ್ ಮತ್ತು ರಾಧಾಕೃಷ್ಣೈಟ್. ಇಂದಿನ ಮಾತು ಅವುಗಳ ಬಗ್ಗೆ. ಜೊತೆಗೆ, ಒಂದು ಕಲ್ಲಿನ ಕಣ ‘ಹೊಸದು’ ಎಂದು ಸಾಬೀತಾಗುವುದು ಹೇಗೆ ಎಂಬುದರ ಬಗ್ಗೆ.

ಮೊದಲು ಕಾಲ ಕೆಳಗಿನ ನೆಲವನ್ನೇ ನೋಡೋಣ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಸೀಮೆಯಲ್ಲಿ ಎರಡು ಬೇರೆ ಬೇರೆ ಕಾಲದ ದೊಡ್ಡ ಶಿಲಾಸಮೂಹಗಳು ಕೂಡುತ್ತವೆ. ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುವ ಬಂಡೆ ಮರಳುಗಲ್ಲು ಮತ್ತು ಬೆಣಚುಗಲ್ಲಿನದು. ಅದು ಕಲಾದಗಿ ಶ್ರೇಣಿಗೆ ಸೇರಿದ್ದು. ನೂರು ಕೋಟಿ ವರ್ಷಕ್ಕಿಂತ ಹಳೆಯದು. ಹಳೆಯ ನೀರಿನ ತಳದಲ್ಲಿ ಕೂತ ಮರಳು ಗಟ್ಟಿಯಾಗಿ ಕಲ್ಲಾದದ್ದು ಅದು. ಈ ಶ್ರೇಣಿಯನ್ನು ವಿವರವಾಗಿ ಬರೆದವರೂ ಫೂಟ್ ಅವರೇ. ದಕ್ಷಿಣ ಮರಾಠಾ ಸೀಮೆಯ ಭೂರಚನೆ ಕುರಿತ ಅವರ ಗ್ರಂಥ 1876ರಲ್ಲಿ ಬಂತು.

ಮೂಡಲಗಿ ಕಡೆಯ ಎರೆ ಹೊಲಗಳಿಗೆ, ಸಂಕೇಶ್ವರ ಕಡೆಯ ಗುಡ್ಡಗಳಿಗೆ ಹೋದರೆ ಕಥೆ ಬೇರೆ. ಅಲ್ಲಿಯದು ಕರಿಕಲ್ಲು, ಅಂದರೆ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ ಪದರಪದರವಾಗಿ ಹರಡಿ ದಖ್ಖನದ ಪ್ರಸ್ಥಭೂಮಿಯಾಯಿತು. ಆ ಲಾವಾ ಆರುವಾಗ ಅದರೊಳಗಿನ ಅನಿಲ ಗುಳ್ಳೆಗಳಾಗಿ ಸಿಕ್ಕಿಹಾಕಿಕೊಂಡಿತು. ಮುಂದೆ ಬಿಸಿನೀರು ಆ ಪೊಳ್ಳುಗಳಲ್ಲಿ ಹಾದು ಹರಳುಗಳನ್ನು ಬೆಳೆಸಿತು. ಬಾವಿ ತೋಡುವವರು, ಖಡಿ ಮಷಿನ್ ನಡೆಸುವವರು ಇವನ್ನು ಬಲ್ಲರು: ಕರಿಕಲ್ಲು ಒಡೆದಾಗ ಒಳಗೆ ಬಿಳಿ ಸೂಜಿಗಳ ಗೊಂಚಲು, ಗಾಜಿನಂಥ ತುಣುಕು, ಕೆಲವೊಮ್ಮೆ ತಿಳಿ ಹಸಿರು ಹರಳು. ಇವುಗಳಲ್ಲಿ ಹೆಚ್ಚಿನವು ಜಿಯೋಲೈಟ್, ಕ್ಯಾಲ್ಸೈಟ್, ಬೆಣಚು.

ಯಾರಾದರೂ ಅಂಥ ಒಂದು ಹರಳನ್ನು ಅಂಗೈಯಲ್ಲಿಟ್ಟುಕೊಂಡು “ಇದು ಹೊಸದಿರಬಹುದೇನ್ರೀ?” ಎಂದು ಕೇಳಿದರೆ ಅದು ದಡ್ಡ ಪ್ರಶ್ನೆಯಲ್ಲ. ಅದೇ ದಖ್ಖನದ ಲಾವಾದಲ್ಲಿ, ಪುಣೆಯ ಹತ್ತಿರದ ವಾಘೋಲಿಯ ಕಲ್ಲಿನ ಕ್ವಾರಿಗಳಲ್ಲಿ, ಕಣ್ಣು ಕೋರೈಸುವ ನೀಲಿ ಬಣ್ಣದ ಕ್ಯಾವನ್ಸೈಟ್ ಎಂಬ ಖನಿಜ ಸಿಕ್ಕಿತು. ಜಗತ್ತಿನ ಬಹುತೇಕ ಖನಿಜ ಸಂಗ್ರಹಾಲಯಗಳು ಇಂದು ವಾಘೋಲಿಯ ಕ್ಯಾವನ್ಸೈಟನ್ನು ಹೆಮ್ಮೆಯಿಂದ ಇಟ್ಟುಕೊಂಡಿವೆ. ಆದರೆ ಅದರ ಜನ್ಮಸ್ಥಳ ಎಂದು ದಾಖಲಾಗಿರುವುದು ಅಮೆರಿಕದ ಆರೆಗಾನ್. ಯಾಕೆಂದರೆ ಅಲ್ಲಿ ಸಿಕ್ಕ ಸಣ್ಣ ಹರಳುಗಳನ್ನು ಪರೀಕ್ಷಿಸಿ 1973ರಲ್ಲಿ ಮೊದಲು ವಿವರಿಸಿದರು. ಎಷ್ಟು ಚೆಂದದ ಹರಳು, ಎಷ್ಟು ಬುಟ್ಟಿ ಸಿಕ್ಕಿತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೊದಲು ಯಾರು ಪೂರ್ತಿ ಪುರಾವೆ ಕೊಟ್ಟರು ಎಂಬುದೇ ಲೆಕ್ಕ.

ಹಾಗಾದರೆ ಖನಿಜ ಪ್ರಭೇದ ಎಂದರೇನು? ನಿಸರ್ಗದಲ್ಲಿ ತಾನಾಗಿ ಉಂಟಾದ, ಗೊತ್ತಾದ ರಾಸಾಯನಿಕ ಸಂಯೋಜನೆ ಇರುವ, ಒಳಗಿನ ಪರಮಾಣುಗಳು ಒಂದು ಕ್ರಮದಲ್ಲಿ ಜೋಡಣೆಯಾಗಿರುವ ವಸ್ತು. ಮುಖ್ಯವಾಗಿ ಎರಡು ಗುರುತು: ಯಾವ ಧಾತುಗಳಿಂದ ಆಗಿದೆ, ಅವು ಹೇಗೆ ಜೋಡಣೆಯಾಗಿವೆ. ಈ ಎರಡರಲ್ಲಿ ಒಂದು ಬೇರೆಯಾದರೂ ಪ್ರಭೇದ ಬೇರೆ. ಬಣ್ಣ ಬೇರೆಯಾದರೆ, ಆಕಾರ ಬೇರೆಯಾದರೆ, ಹೊಳಪು ಹೆಚ್ಚಾದರೆ ಪ್ರಭೇದ ಬದಲಾಗುವುದಿಲ್ಲ. ನೇರಳೆ ಬಣ್ಣದ ಅಮೆಥಿಸ್ಟ್, ಬಿಳಿಯ ಬೆಣಚು, ಗೋಕಾಕದ ಬಂಡೆಯ ಮರಳಿನ ಕಣ ಮೂರೂ ಒಂದೇ ಖನಿಜ, ಕ್ವಾರ್ಟ್ಸ್.

ರಾಸಾಯನಿಕ ಪರೀಕ್ಷೆಯಲ್ಲಿ ಒಂದು ಹೆಜ್ಜೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಹಳೆಯ ಉದಾಹರಣೆ ಇದೆ. ಟಿಪ್ಪು ಸುಲ್ತಾನರ ಪತನದ ನಂತರ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಬೆಂಜಮಿನ್ ಹೇನ್ ಎಂಬ ನಿಸರ್ಗವಿಜ್ಞಾನಿ, ರಾಜ್ಯದ ಪೂರ್ವ ಗಡಿಯ ಕಡೆ ಒಂದು ತಾಮ್ರದ ಅದಿರನ್ನು ಕಂಡರು. ಅದರ ತುಂಡು ಬ್ರಿಟನ್ನಿನ ಹೆಸರಾಂತ ರಸಾಯನಜ್ಞ ಥಾಮಸ್ ಥಾಮ್ಸನ್ ಅವರ ಕೈ ಸೇರಿತು. 1814ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಥಾಮ್ಸನ್ ಇದನ್ನು ತಾಮ್ರದ ಹೊಸ ಅದಿರು ಎಂದು ವಿವರಿಸಿದರು. ಹಸಿರು ಮ್ಯಾಲಕೈಟ್‌ನಲ್ಲಿ ತಾಮ್ರದ ಕಾರ್ಬೊನೇಟಿನ ಜೊತೆ ನೀರಿನ ಅಂಶವೂ ಕೂಡಿಕೊಂಡಿರುತ್ತದೆ; ಕಾಯಿಸಿದರೆ ತೂಕದಲ್ಲಿ ನೂರಕ್ಕೆ ಎಂಟು ಪಾಲು ನೀರು ಹೊರಬರುತ್ತದೆ. ಮೈಸೂರಿನ ಅದಿರಿನಲ್ಲಿ ನೀರೇ ಇಲ್ಲ, ಆದ್ದರಿಂದ ಇದು ಬೇರೆ ಎಂಬುದು ಥಾಮ್ಸನ್ ವಾದ. ಅದಕ್ಕೆ ‘ಮೈಸೋರಿನ್’ ಎಂಬ ಹೆಸರೂ ನಿಂತಿತು.

ಯುರೋಪಿನ ಖನಿಜ ಪುಸ್ತಕಗಳಲ್ಲಿ ಮೈಸೋರಿನ್ ಬಹಳ ವರ್ಷ ಕೂತಿತ್ತು. ಆಮೇಲೆ ಮರುಪರೀಕ್ಷೆ ನಡೆದಾಗ ಅದು ಕಬ್ಬಿಣ ಮುಂತಾದ ಕಲಬೆರಕೆ ಸೇರಿದ ಮ್ಯಾಲಕೈಟ್ ಎಂದೇ ತೀರ್ಮಾನವಾಯಿತು. ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಥಾಮ್ಸನ್ ಸಣ್ಣ ವಿಜ್ಞಾನಿಯಲ್ಲ. ಡಾಲ್ಟನ್ನರ ಪರಮಾಣುವಾದವನ್ನು ಪ್ರಚಾರಕ್ಕೆ ತಂದವರಲ್ಲಿ ಪ್ರಮುಖರು. ಆದರೆ ಆಗ ಅದಿರನ್ನು ಕುಟ್ಟಿ, ಆಮ್ಲದಲ್ಲಿ ಕರಗಿಸಿ, ತೂಗಿ ನೋಡಬೇಕಿತ್ತು. ತುಂಡಿನೊಳಗೆ ಎರಡು ಮೂರು ಖನಿಜ ಬೆರೆತಿದ್ದರೆ ಅವೆಲ್ಲವೂ ಒಂದೇ ಎಂಬಂತೆ ಉತ್ತರ ಬರುತ್ತಿತ್ತು.

ಇನ್ನೊಂದು ಹೆಸರು ಬಾಬಾಬುಡನೈಟ್. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯ ಕಬ್ಬಿಣದ ಅದಿರಿನ ಪಟ್ಟಿಗಳ ನಡುವೆ ನೀಲಿ ಬಣ್ಣದ ಆಂಫಿಬೋಲ್ ಸಿಗುತ್ತದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು.ಎಫ್. ಸ್ಮೀತ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅದಕ್ಕೆ ಆ ಗಿರಿಯ ಹೆಸರಿಟ್ಟರು. ಆಂಫಿಬೋಲ್‌ಗಳು ದೊಡ್ಡ ಮನೆತನ. ಅವುಗಳಲ್ಲಿ ಕಬ್ಬಿಣ, ಮೆಗ್ನೀಸಿಯಂ, ಸೋಡಿಯಂ ಒಂದರ ಜಾಗದಲ್ಲಿ ಇನ್ನೊಂದು ಕೂಡುತ್ತದೆ. ಎಲ್ಲಿ ಒಂದು ಪ್ರಭೇದ ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಗೆರೆ ಎಳೆಯಲು ಜಗತ್ತಿನ ವಿಜ್ಞಾನಿಗಳು ಮುಂದೆ ನಿಯಮ ಮಾಡಿದರು. ಆ ಗೆರೆಗಳ ಪ್ರಕಾರ ಬಾಬಾಬುಡನೈಟ್ ಸ್ವತಂತ್ರ ಪ್ರಭೇದವಾಗಿ ಉಳಿಯಲಿಲ್ಲ. ಮ್ಯಾಗ್ನೀಸಿಯೋ-ರೀಬೆಕೈಟ್ ಎಂಬುದರಲ್ಲಿ ಸೇರಿತು. ಸ್ಮೀತ್ ಅವರು ಕಂಡ ಖನಿಜ ನಿಜ, ಅವರ ವಿವರಣೆಯೂ ನಿಜ. ಬೇರೆ ಹೆಸರಿನ ಅಗತ್ಯ ಮಾತ್ರ ಇರಲಿಲ್ಲ.

ಈಗ ಕೋಲಾರಕ್ಕೆ ಬರೋಣ.

ಕೋಲಾರದ ಚಿನ್ನದ ಗಣಿಗಳು ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿನಲ್ಲಿದ್ದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಸುಮಾರು 270 ಕೋಟಿ ವರ್ಷ ಹಳೆಯ ಶಿಲೆಗಳಲ್ಲಿ ಬೆಣಚಿನ ಎಳೆಗಳ ಜೊತೆ ಅಲ್ಲಿ ಚಿನ್ನ ಕೂತಿದೆ. ಆ ಎಳೆಗಳಲ್ಲಿ ಚಿನ್ನವಷ್ಟೇ ಇರುವುದಿಲ್ಲ. ಸೀಸ, ತಾಮ್ರ, ಕಬ್ಬಿಣದ ಸಲ್ಫೈಡುಗಳಿವೆ. ಟೆಲ್ಯೂರಿಯಂ ಎಂಬ ಅಪರೂಪದ ಧಾತು ಸೀಸದ ಜೊತೆ ಸೇರಿ ಆಲ್ಟೈಟ್ ಎಂಬ ಖನಿಜವಾಗಿಯೂ ಇದೆ. ಗಣಿಗಾರರಿಗೆ ಇದೆಲ್ಲ ಚಿನ್ನದ ಜೊತೆ ಬಂದ ಕಸ. ಖನಿಜ ವಿಜ್ಞಾನಿಗಳಿಗೆ ಮಾತ್ರ, ಆ ಚಿನ್ನ ಯಾವ ಬಿಸಿ ದ್ರವದಲ್ಲಿ, ಯಾವ ಶಾಖದಲ್ಲಿ ಮೇಲೆ ಬಂತು ಎಂಬುದನ್ನು ಹೇಳಬಲ್ಲ ಸಾಕ್ಷಿ.

ಇಪ್ಪತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ರಷ್ಯದ ಮತ್ತು ಭಾರತದ ವಿಜ್ಞಾನಿಗಳು ಕೂಡಿ ಕೋಲಾರದ ಅದಿರನ್ನು ಪರೀಕ್ಷಿಸಿದರು. ಅದಿರು ಖನಿಜಗಳ ಅಧ್ಯಯನದಲ್ಲಿ ಹೆಸರಾದ ಎ.ಡಿ. ಗೆಂಕಿನ್, ವೈ.ಜಿ. ಸಫೋನೊವ್ ಮೊದಲಾದವರು ಆ ಕಡೆಯವರು, ವಿ.ಎನ್. ವಾಸುದೇವ್, ಬಿ. ಕೃಷ್ಣರಾವ್ ಈ ಕಡೆಯವರು. ಅವರೆಲ್ಲರ ಹೆಸರಿನಲ್ಲಿ 1985ರಲ್ಲಿ ‘ದಿ ಕೆನಡಿಯನ್ ಮಿನರಲಾಜಿಸ್ಟ್’ ಪತ್ರಿಕೆಯಲ್ಲಿ ಲೇಖನ ಬಂತು. ಒಂದೇ ಲೇಖನದಲ್ಲಿ ಎರಡು ಹೊಸ ಖನಿಜಗಳ ಪರಿಚಯ.

ಕೈಯಲ್ಲಿ ಹಿಡಿದು ನೋಡುವಂಥ ಹರಳುಗಳಲ್ಲ ಇವು. ಅದಿರಿನ ತುಂಡನ್ನು ರಾಳದಲ್ಲಿ ಕೂಡಿಸಿ, ವಜ್ರದ ಪುಡಿಯಿಂದ ಕನ್ನಡಿಯಂತೆ ಉಜ್ಜಿ, ಮೇಲಿನಿಂದ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ ಕಾಣುವ ಕಣಗಳು. ಅದಿರು ಖನಿಜಗಳು ಬೆಳಕನ್ನು ಒಳಗೆ ಬಿಡುವುದಿಲ್ಲ, ಹಿಂದಕ್ಕೆ ಹೊಡೆಯುತ್ತವೆ. ಯಾವುದು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ, ಬಣ್ಣದ ಛಾಯೆ ಯಾವುದು, ತುಂಡನ್ನು ತಿರುಗಿಸಿದಾಗ ಆ ಛಾಯೆ ಬದಲಾಗುತ್ತದೆಯೇ ಎಂದು ಅಳೆಯುತ್ತಾರೆ. ವರ್ಷಗಟ್ಟಲೆ ಗೆಲೀನಾ ಎಂಬ ಸೀಸದ ಸಲ್ಫೈಡನ್ನೂ ಆಲ್ಟೈಟನ್ನೂ ನೋಡಿ ಪಳಗಿದ ಕಣ್ಣಿಗೆ ಮಾತ್ರ, ಪಕ್ಕದಲ್ಲಿರುವ ಕಣ ಅವೆರಡೂ ಅಲ್ಲ ಎಂಬ ಅನುಮಾನ ಬರುತ್ತದೆ. ಹೊಸತನ್ನು ಗುರುತಿಸಲು ಹಳೆಯದೆಲ್ಲ ಗೊತ್ತಿರಬೇಕು ಎನ್ನುವುದು ಇಲ್ಲಿಯೇ.

ಅನುಮಾನ ಬಂದ ಮೇಲೆ ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಎಂಬ ಯಂತ್ರದ ಸರದಿ. ಮನುಷ್ಯನ ಕೂದಲು ಸುಮಾರು 70 ಮೈಕ್ರಾನ್ ದಪ್ಪ. ಈ ಯಂತ್ರದ ಎಲೆಕ್ಟ್ರಾನ್ ಕಿರಣದ ಮೊನೆ ಒಂದು ಮೈಕ್ರಾನಿನ ಆಸುಪಾಸು. ಆ ಮೊನೆಯನ್ನು ಕಣದ ಮೇಲೆ ಇಟ್ಟರೆ ಅಲ್ಲಿಯ ಧಾತುಗಳು ತಮ್ಮ ತಮ್ಮ ಗುರುತಿನ ಎಕ್ಸ್-ರೇಗಳನ್ನು ಹೊರಚೆಲ್ಲುತ್ತವೆ. ಸೀಸದ್ದು ಬೇರೆ, ಟೆಲ್ಯೂರಿಯಂನದು ಬೇರೆ. ಎರಡು ನೂರು ವರ್ಷದ ಹಿಂದೆ ಥಾಮ್ಸನ್ ಕೈಯಲ್ಲಿ ಈ ಯಂತ್ರ ಇದ್ದಿದ್ದರೆ ಮೈಸೋರಿನ್ ಹುಟ್ಟುತ್ತಲೇ ಇರಲಿಲ್ಲ; ಕಲಬೆರಕೆಯ ಒಂದೊಂದು ಕಣವನ್ನೂ ಬಿಡಿಬಿಡಿಯಾಗಿ ನೋಡಬಹುದಿತ್ತು.

ಕೋಲಾರದ ಕಣಗಳಲ್ಲಿ ಸೀಸ ಇತ್ತು, ಟೆಲ್ಯೂರಿಯಂ ಇತ್ತು. ಬೆರಗು ಹುಟ್ಟಿಸುವುದು ಮೂರನೆಯ ಧಾತು: ಕ್ಲೋರಿನ್. ಅಡುಗೆ ಉಪ್ಪಿನಲ್ಲಿರುವ ಅದೇ ಕ್ಲೋರಿನ್ ಸೀಸದ ಟೆಲ್ಯೂರಿಯಂ ಖನಿಜದೊಳಗೆ ಕೂತಿರುವುದು ತೀರ ಅಪರೂಪ.

ಪ್ರೋಬ್ ಕೊಡುವುದು ತೂಕದ ಲೆಕ್ಕ. ಅದರಿಂದ ಸೂತ್ರ ಬರುವ ಬಗೆಯನ್ನು ಹೈಸ್ಕೂಲು ಮಕ್ಕಳೂ ಮಾಡಿ ನೋಡಬಹುದು. ಶುದ್ಧ ಕೋಲಾರೈಟ್‌ನಲ್ಲಿ ನೂರು ಪಾಲು ತೂಕಕ್ಕೆ ಸೀಸ ಸುಮಾರು 51, ಟೆಲ್ಯೂರಿಯಂ 31.5, ಕ್ಲೋರಿನ್ 17.5. ಸೀಸದ ಪರಮಾಣು ಭಾರ 207. 51ನ್ನು 207ರಿಂದ ಭಾಗಿಸಿದರೆ 0.246. ಟೆಲ್ಯೂರಿಯಂನ ಭಾರ 127.6, ಭಾಗಿಸಿದರೆ ಅದೂ ಹತ್ತಿರ ಹತ್ತಿರ 0.246. ಕ್ಲೋರಿನ್ನಿನ ಭಾರ 35.5, ಭಾಗಿಸಿದರೆ 0.493, ಅಂದರೆ ಮೊದಲಿನದರ ಎರಡು ಪಟ್ಟು. ಹೀಗೆ ಒಂದು ಸೀಸ, ಒಂದು ಟೆಲ್ಯೂರಿಯಂ, ಎರಡು ಕ್ಲೋರಿನ್ ಎಂಬ ಸೂತ್ರ ಸಿಕ್ಕಿತು. ಅದೇ ಕೋಲಾರೈಟ್. ಇನ್ನೊಂದರಲ್ಲಿ ಒಂದು ಸೀಸಕ್ಕೆ ಮೂರು ಟೆಲ್ಯೂರಿಯಂ. ಉಳಿದ ಎರಡು ಸ್ಥಾನಗಳಲ್ಲಿ ಕ್ಲೋರಿನ್ ಇದೆ, ಅದರ ಜಾಗದಲ್ಲಿ ಅಷ್ಟಿಷ್ಟು ಗಂಧಕವೂ ಬಂದು ಕೂತಿದೆ. ಅದು ರಾಧಾಕೃಷ್ಣೈಟ್. ಈ ಖನಿಜಗಳು ಬೆಳೆದ ದ್ರವದಲ್ಲಿ ಕ್ಲೋರಿನ್ ಇತ್ತು ಎಂಬುದು ಇದರಿಂದ ತಿಳಿಯುತ್ತದೆ. ಕೋಲಾರದ ಚಿನ್ನದ ಇತಿಹಾಸ ಬರೆಯುವವರಿಗೆ ಅದು ಸಣ್ಣ ಸುಳಿವಲ್ಲ.

ಸೂತ್ರ ಸಿಕ್ಕಿತು, ಕೆಲಸ ಮುಗಿಯಿತೇ? ಇಲ್ಲ. ಜೋಳದ ಹಿಟ್ಟು ಒಂದೇ ಆದರೂ ತಟ್ಟಿ ಬೇಯಿಸಿದರೆ ರೊಟ್ಟಿ, ನೀರಿಗೆ ಕದಡಿ ಕುದಿಸಿದರೆ ಅಂಬಲಿ. ಹಾಗೆಯೇ ಅವೇ ಧಾತುಗಳು ಅದೇ ಪ್ರಮಾಣದಲ್ಲಿ ಇದ್ದರೂ ಜೋಡಣೆ ಬೇರೆಯಾದರೆ ಖನಿಜ ಬೇರೆ. ವಾಘೋಲಿಯಲ್ಲಿ ಕ್ಯಾವನ್ಸೈಟ್ ಜೊತೆಗೆ ಪೆಂಟಗೊನೈಟ್ ಎಂಬ ಇನ್ನೊಂದು ನೀಲಿ ಖನಿಜವೂ ಸಿಗುತ್ತದೆ. ಎರಡರಲ್ಲಿಯೂ ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕಾನ್, ಆಮ್ಲಜನಕ, ನೀರು, ಪ್ರಮಾಣವೂ ಒಂದೇ. ಒಳಗಿನ ಚೌಕಟ್ಟು ಮಾತ್ರ ಬೇರೆ. ಆದ್ದರಿಂದ ಹೆಸರು ಎರಡು.

ಆ ಚೌಕಟ್ಟನ್ನು ಕಾಣಲು ಎಕ್ಸ್-ರೇ ಬೇಕು. ಪರಮಾಣುಗಳ ಸಾಲುಗಳ ನಡುವಿನ ಅಂತರ ಎಷ್ಟು ಸಣ್ಣದೋ ಎಕ್ಸ್-ರೇ ಅಲೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ ಸಣ್ಣದು. ಹೀಗಾಗಿ ಹರಳಿಗೆ ತಾಗಿದ ಕಿರಣಗಳು ಗೊತ್ತಾದ ಕೋನಗಳಲ್ಲಿ ಮಾತ್ರ ಬಲವಾಗಿ ಚಿಮ್ಮುತ್ತವೆ. ಆ ಕೋನಗಳನ್ನು ಅಳೆದು ಸಾಲುಗಳ ಅಂತರ ಲೆಕ್ಕ ಹಾಕುತ್ತಾರೆ. ಪ್ರತಿ ಖನಿಜಕ್ಕೂ ಅಂತರಗಳ ಒಂದು ಪಟ್ಟಿ ಇರುತ್ತದೆ. ಹೊಸದು ಎನ್ನುವವರು ತಮ್ಮ ಪಟ್ಟಿ ಹಳೆಯ ಯಾವುದಕ್ಕೂ ಹೊಂದುವುದಿಲ್ಲ ಎಂದು ತೋರಿಸಬೇಕು. ಕಣ ತೀರ ಚಿಕ್ಕದಾದರೆ ಎಕ್ಸ್-ರೇ ಬದಲು ಎಲೆಕ್ಟ್ರಾನುಗಳನ್ನೇ ಹಾಯಿಸಿ ನೋಡುವ ವಿಧಾನವೂ ಇದೆ. ಇವುಗಳ ಜೊತೆಗೆ ಗಡಸುತನ, ಸಾಂದ್ರತೆ, ಒಡೆಯುವ ರೀತಿ, ಬೆಳಕಿನ ಗುಣಗಳನ್ನು ಬರೆಯಬೇಕು. ತೂಗಲು ಆಗದಷ್ಟು ಸಣ್ಣ ಕಣವಾದರೆ ಸಾಂದ್ರತೆಯನ್ನು ಸೂತ್ರದಿಂದಲೂ ಚೌಕಟ್ಟಿನ ಅಳತೆಯಿಂದಲೂ ಲೆಕ್ಕ ಹಾಕಿ ತೆಗೆಯುತ್ತಾರೆ.

ಇನ್ನೊಂದು ಸಾಧನದ ಹಿಂದೆ ಬೆಂಗಳೂರಿನಲ್ಲಿ ದಶಕಗಳ ಕಾಲ ದುಡಿದ ವಿಜ್ಞಾನಿಯ ಹೆಸರಿದೆ. ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮವನ್ನು ಬಳಸಿ ಇಂದು ಒಂದು ಖನಿಜ ಕಣಕ್ಕೆ ಲೇಸರ್ ತಾಗಿಸಿ, ಚದುರಿದ ಬೆಳಕಿನಿಂದ ಅದರ ಗುರುತು ಹಿಡಿಯುತ್ತಾರೆ. 2008ರಲ್ಲಿ ಹೀಗೆಯೇ ರಾಮನ್ ರೋಹಿತದ ಮೂಲಕ ಗುರುತಿಸಿದ ಎರಡು ಬೋರೇಟ್ ಖನಿಜಗಳಿಗೆ ರಾಮನೈಟ್ ಎಂದೇ ಹೆಸರಾಯಿತು. ರಾಮನ್ ಸ್ವತಃ ಖನಿಜಗಳ ಪ್ರೇಮಿ. ಓಪಲ್, ಅಗೇಟ್, ಫೆಲ್ಡ್‌ಸ್ಪಾರ್‌ಗಳ ಬಣ್ಣದಾಟದ ಮೇಲೆ ಅವರು ಬೆಂಗಳೂರಿನಲ್ಲಿ ಕೂತು ಪ್ರಬಂಧಗಳನ್ನು ಬರೆದರು. ಅವರ ಹರಳುಗಳ ಸಂಗ್ರಹ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ.

ಇಷ್ಟೆಲ್ಲ ಪುರಾವೆ ಒಟ್ಟುಗೂಡಿಸಿದ ಮೇಲೆ ವಿಜ್ಞಾನಿಗಳು ನೇರವಾಗಿ ಪತ್ರಿಕೆಗೆ ಹೋಗುವಂತಿಲ್ಲ. 1958ರಲ್ಲಿ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಒಕ್ಕೂಟ ಸ್ಥಾಪನೆಯಾಯಿತು. ಮರುವರ್ಷ ಹೊಸ ಖನಿಜಗಳಿಗಾಗಿ ಅದರ ಆಯೋಗ ಬಂತು. ಬೇರೆ ಬೇರೆ ದೇಶಗಳ ಪ್ರತಿನಿಧಿಗಳು ಅದರ ಸದಸ್ಯರು. ಪ್ರಸ್ತಾವವನ್ನು ಅವರಿಗೆ ಕಳಿಸಬೇಕು. ಅವರು ಅಂಕಿಗಳನ್ನು ಜಾಲಿಸಿ, ಸಂಶಯ ಕೇಳಿ, ಮತ ಹಾಕುತ್ತಾರೆ. ಖನಿಜ ಹೊಸದು ಎಂದು ಒಪ್ಪಲು ಮೂರರಲ್ಲಿ ಎರಡು ಪಾಲು ಮತ ಬೇಕು. ಹೆಸರಿಗೆ ಬೇರೆ ಮತ. ಒಪ್ಪಿಗೆ ಸಿಗುವ ಮುಂಚೆ ಹೆಸರನ್ನು ಎಲ್ಲಿಯೂ ಅಚ್ಚು ಮಾಡಬಾರದು. ಪರೀಕ್ಷೆಗೆ ಬಳಸಿದ ಮೂಲ ತುಂಡನ್ನು ಒಂದು ಸಾರ್ವಜನಿಕ ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಮನುಷ್ಯರು ಮಾಡಿದ ವಸ್ತುವಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಕೋಲಾರದಲ್ಲಿ ಚಿನ್ನ ತೆಗೆದು ಸುರಿದ ಸಯನೈಡ್ ದಿಬ್ಬಗಳಿವೆ. ಮನುಷ್ಯರು ಬೆರೆಸಿದ ರಾಸಾಯನಿಕದಿಂದಲೇ ಅವುಗಳಲ್ಲಿ ನಾಳೆ ಹೊಸ ಹರಳು ಹುಟ್ಟಿದರೂ ಅದು ಖನಿಜ ಪ್ರಭೇದವಾಗಲಾರದು.

ಹೆಸರಿಡುವುದಕ್ಕೂ ಕಟ್ಟಳೆ ಇದೆ. ಊರಿನ ಹೆಸರಿಡಬಹುದು, ಗುಣದ ಹೆಸರಿಡಬಹುದು, ವ್ಯಕ್ತಿಯ ಹೆಸರಿಡಬಹುದು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವಂತಿಲ್ಲ. ಬದುಕಿರುವವರ ಹೆಸರಾದರೆ ಅವರ ಒಪ್ಪಿಗೆ ಬೇಕು. 1906ರಲ್ಲಿ ಎಲ್.ಎಲ್. ಫರ್ಮರ್ ಮಧ್ಯಪ್ರದೇಶದ ಝಾಬುವಾ ಸೀಮೆಯ ಮ್ಯಾಂಗನೀಸ್ ಖನಿಜವೊಂದಕ್ಕೆ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥ ಟಿ.ಎಚ್. ಹಾಲೆಂಡ್ ಅವರ ಹೆಸರಿಟ್ಟರು. ಹಾಲೆಂಡೈಟ್ ಇಂದಿಗೂ ಪಟ್ಟಿಯಲ್ಲಿದೆ. ಆಗ ಭಾರತದ ನೆಲದ ಖನಿಜಗಳಿಗೆ ಹೆಸರಾಗುತ್ತಿದ್ದವರು ಹೆಚ್ಚಾಗಿ ಬ್ರಿಟಿಷ್ ಅಧಿಕಾರಿಗಳು. ಎಂಟು ದಶಕಗಳ ನಂತರ ಕೋಲಾರದ ಖನಿಜಕ್ಕೆ ಸಂದದ್ದು ಒಬ್ಬ ಕನ್ನಡಿಗರ ಹೆಸರು.

ಡಾ. ಬಿ.ಪಿ. ರಾಧಾಕೃಷ್ಣ ಹುಟ್ಟಿದ್ದು 1918ರಲ್ಲಿ. ರಾಮನಗರದ ಬೆಟ್ಟಗಳನ್ನು ಒಳಗೊಂಡ ಕ್ಲೋಸ್‌ಪೇಟ್ ಗ್ರಾನೈಟ್ ಮೇಲೆ ಅವರು ಮಾಡಿದ ಅಧ್ಯಯನ ದಕ್ಷಿಣ ಭಾರತದ ಭೂವಿಜ್ಞಾನದಲ್ಲಿ ಗಟ್ಟಿ ಅಡಿಪಾಯ. 1958ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ‘ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ’ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಅವರು ಮುಂಚೂಣಿಯವರು. ಅದರ ಪತ್ರಿಕೆಯನ್ನು ಸಂಪಾದಕರಾಗಿ ಬೆಳೆಸಿದರು. ಗಟ್ಟಿ ಬಂಡೆಯ ನಾಡಿನಲ್ಲಿ ಅಂತರ್ಜಲ ಹುಡುಕುವ ಕೆಲಸಕ್ಕೆ ಒತ್ತು ಕೊಟ್ಟರು. ಕನ್ನಡದಲ್ಲಿಯೂ ಪುಸ್ತಕ ಬರೆದರು. 1991ರಲ್ಲಿ ಪದ್ಮಶ್ರೀ ಬಂತು, 2012ರಲ್ಲಿ ತೀರಿಕೊಂಡರು. ಖನಿಜಕ್ಕೆ ಅವರ ಹೆಸರು ಬಂದಾಗ ಅವರು ಬದುಕಿದ್ದರು, ಬರೆಯುತ್ತಿದ್ದರು.

ಅವರು ನಿರ್ದೇಶಕರಾಗಿದ್ದ ಮೈಸೂರು ರಾಜ್ಯದ ಭೂವಿಜ್ಞಾನ ಇಲಾಖೆ ಶುರುವಾದದ್ದು 1894ರಲ್ಲಿ. ಅದರ ಮೊದಲ ಮುಖ್ಯಸ್ಥರು ಗೋಕಾಕದ ಘೇಂಡಾಮೃಗಕ್ಕೆ ಹೆಸರಿಟ್ಟ ಬ್ರೂಸ್ ಫೂಟ್. ಅವರ ತರುವಾಯ ಆ ಹೊಣೆ ಹೊತ್ತವರು ಬಾಬಾಬುಡನ್ ಗಿರಿಯ ನೀಲಿ ಖನಿಜ ಕಂಡ ಸ್ಮೀತ್. ನಕ್ಷೆ ಬರೆಯುವುದು, ತುಂಡು ತಂದಿಡುವುದು, ಸ್ಥಳ ಬರೆದಿಡುವುದು ಈ ಇಲಾಖೆಯಲ್ಲಿ ಒಬ್ಬರಿಂದ ಒಬ್ಬರಿಗೆ ಬಂದ ಅಭ್ಯಾಸ. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಈಗ ಆ ಆಳಕ್ಕೆ ಇಳಿದು ಹೊಸ ತುಂಡು ತರುವುದು ಸುಲಭವಲ್ಲ. ಹಿಂದೆ ತೆಗೆದು, ಚೀಟಿ ಅಂಟಿಸಿ, ಕಪಾಟಿನಲ್ಲಿಟ್ಟ ತುಂಡುಗಳೇ ಇಂದಿನ ಸಂಶೋಧಕರಿಗೆ ಆಧಾರ.

ಆದ್ದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿಯ ಹೈಸ್ಕೂಲುಗಳಲ್ಲಿ ಒಂದೊಂದು ಕಲ್ಲಿನ ಕಪಾಟು ಇರಬೇಕು. ಶುರು ಮಾಡಲು ಮೂರು ತುಂಡು ಸಾಕು: ಗೋಕಾಕದ ಬೆಣಚುಗಲ್ಲು, ಮೂಡಲಗಿ ಕಡೆಯ ಬಾವಿಯ ಕರಿಕಲ್ಲು, ಹುಕ್ಕೇರಿ ಕಡೆಯ ಖಡಿಯಲ್ಲಿ ಸಿಕ್ಕ ಬಿಳಿ ಹರಳು. ಬೆಣಚಿನ ಗಡಸುತನ ಮೋಹ್ಸ್ ಮಾಪಕದಲ್ಲಿ 7, ಗಾಜನ್ನು ಗೀರುತ್ತದೆ. ಕ್ಯಾಲ್ಸೈಟ್ 3, ಚಾಕುವಿನಿಂದ ಅದನ್ನೇ ಗೀರಬಹುದು. ಪುಡಿ ಮಾಡಿ ಲಿಂಬೆಹಣ್ಣಿನ ರಸ ಹಾಕಿದರೆ ಸಣ್ಣಗೆ ನೊರೆ ಬರುತ್ತದೆ. ಚಾಕುವಿಗೆ ಸೋತರೂ ನೊರೆ ಬರದ ಬಿಳಿ ಹರಳು ಜಿಯೋಲೈಟ್ ಇರಬಹುದು. ಇಷ್ಟರಿಂದ ಹೆಚ್ಚಿನ ತುಂಡುಗಳ ಜಾತಿ ಮಕ್ಕಳಿಗೇ ತಿಳಿದೀತು.

ಯಾವುದಕ್ಕೂ ಹೊಂದದ ತುಂಡು ಉಳಿದರೆ ಅದನ್ನು ಆಮ್ಲದಲ್ಲಿ ತೊಳೆಯಬಾರದು, ಎಣ್ಣೆ ಸವರಬಾರದು, ಸುತ್ತ ಅಂಟಿದ ಕರಿಕಲ್ಲನ್ನು ಕೆತ್ತಿ ತೆಗೆಯಬಾರದು. ಆ ಕರಿಕಲ್ಲೇ ಅದರ ಊರಿನ ಗುರುತು. ಕಾಗದದಲ್ಲಿ ಸುತ್ತಿ ಒಳಗೆ ಚೀಟಿ ಇಡಬೇಕು. ಚೀಟಿಯಲ್ಲಿ ಊರು, ಹೊಲ ಅಥವಾ ಕ್ವಾರಿ, ನೆಲದಿಂದ ಎಷ್ಟು ಅಡಿ ಆಳ, ಜೊತೆಗೆ ಸಿಕ್ಕ ಬೇರೆ ಹರಳುಗಳು, ತಾರೀಖು, ತೆಗೆದವರ ಹೆಸರು ಇರಬೇಕು. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಒಯ್ದು ತೋರಿಸಬಹುದು. ಅಲ್ಲಿಂದ ಮುಂದಿನ ದಾರಿ ಈಗ ಹೇಳಿದ್ದೇ: ಮೊದಲು ಸೂಕ್ಷ್ಮದರ್ಶಕ, ಆಮೇಲೆ ಪ್ರೋಬ್, ಕೊನೆಗೆ ಎಕ್ಸ್-ರೇ.